ಬಡಿಸುವುದು ಗೊತ್ತು, ಉಣ್ಣುವುದು ಗೊತ್ತಾ? ಹಲವು ಧರ್ಮಗಳ ಊರಿನಲ್ಲಿ ಕ್ರೈಸ್ತರ ಆತಿಥ್ಯ ಮತ್ತು ಸ್ನೇಹ

ಡಿಸೆಂಬರ್ ಬಂತು ಅಂದರೆ ಮೈಸೂರಿನ ಕ್ರೈಸ್ತರ ಮನೆಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಯಾವ ಮನೆಗೆ ಎಷ್ಟು ಕಜ್ಜಾಯ, ಯಾರಿಗೆ ಮೊಟ್ಟೆ ಹಾಕದ ಕೇಕು, ಯಾರಿಗೆ ಬರೀ ಹಣ್ಣು ಕೊಟ್ಟರೆ ಒಳ್ಳೆಯದು. ಬೀದಿಯಲ್ಲಿ ನಮ್ಮವರ ಮನೆ ಒಂದೋ ಎರಡೋ. ಮಿಕ್ಕಿದ್ದೆಲ್ಲ ಬೇರೆ ಧರ್ಮದವರದ್ದು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87 ಮಾತ್ರ. ಹಾಗಾಗಿ ಇಲ್ಲಿ ಕ್ರೈಸ್ತರಾಗಿ ಬದುಕುವುದು ಅಂದರೆ ಬೇರೆ ಧರ್ಮದವರ ನಡುವೆ ಬದುಕುವುದೇ.

ಹಾಗೆ ಬದುಕುವಾಗ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಹೊರಗಿನವರದ್ದು: "ಇವರು ಇಷ್ಟು ಪ್ರೀತಿಯಿಂದ ಕರೆಯೋದು, ಶಾಲೆ ಆಸ್ಪತ್ರೆ ಕಟ್ಟೋದು ಎಲ್ಲ ಮತಾಂತರಕ್ಕೇ ಅಲ್ವಾ?" ಇನ್ನೊಂದು ಒಳಗಿನವರದ್ದು: "ಅವರ ಮನೆಯ ಹಬ್ಬಕ್ಕೆ ಹೋಗಬಹುದಾ? ಪ್ರಸಾದ ಕೊಟ್ಟರೆ ತಿನ್ನಬಹುದಾ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಸಿಗಬೇಕಾದರೆ ಕ್ರೈಸ್ತ ಧರ್ಮ ಆತಿಥ್ಯದ ಬಗ್ಗೆ ನಿಜವಾಗಿ ಏನು ಹೇಳುತ್ತದೆ ಅಂತ ಮೊದಲು ನೋಡಬೇಕು. ನೋಡಿದರೆ ನಾವು ಅದರಲ್ಲಿ ಅರ್ಧವನ್ನು ಮಾತ್ರ ಕಲಿತಿದ್ದೇವೆ ಅಂತ ನನಗೆ ಅನ್ನಿಸುತ್ತದೆ. ಕರೆದು ಬಡಿಸುವ ಅರ್ಧ ನಮಗೆ ಚೆನ್ನಾಗಿ ಗೊತ್ತು. ಹೋಗಿ ಉಣ್ಣುವ ಅರ್ಧದ ಬಗ್ಗೆ ಚರ್ಚಿನಲ್ಲಿ ಗುರುಗಳು ಕೊಡುವ ಪ್ರಸಂಗಗಳಲ್ಲೂ ಮಾತು ಕಮ್ಮಿ.

ಯೇಸು ಯಾರ ಮನೆಯಲ್ಲಿ ಉಂಡರು?

ಬೈಬಲ್‌ನಲ್ಲಿ ಆತಿಥ್ಯದ ಮಾತು ಬಂದರೆ ಎಲ್ಲರೂ ಮೊದಲು ನೆನೆಯುವುದು ಅಬ್ರಹಾಮನನ್ನು. ಸುಡು ಬಿಸಿಲು. ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ಮೂವರು ಅಪರಿಚಿತರು ಕಾಣುತ್ತಾರೆ. ಯಾರು, ಯಾವ ಕುಲ, ಯಾವ ದೇವರನ್ನು ನಂಬುವವರು ಅಂತ ಒಂದು ಮಾತೂ ಕೇಳುವುದಿಲ್ಲ. ಓಡಿ ಹೋಗಿ ನಮಸ್ಕರಿಸುತ್ತಾನೆ, ಕಾಲು ತೊಳೆಯಲು ನೀರು ತರಿಸುತ್ತಾನೆ, ರೊಟ್ಟಿ ಮಾಡಲು ಸಾರಾಳಿಗೆ ಹೇಳುತ್ತಾನೆ. ಅವರು ಉಣ್ಣುವಾಗ ತಾನು ಮರದಡಿ ನಿಂತಿರುತ್ತಾನೆ. ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದನ್ನು ಮಂಡ್ಯದ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕಥೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಇದನ್ನೇ ನೆನೆದು ಬೈಬಲ್‌ನಲ್ಲಿರುವ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ: ಅತಿಥಿಗಳನ್ನು ಸತ್ಕರಿಸುವುದನ್ನು ಮರೆಯಬೇಡಿ, ಹಾಗೆ ಮಾಡಿದ ಕೆಲವರು ತಮಗೆ ಗೊತ್ತಿಲ್ಲದೆ ದೇವದೂತರನ್ನೇ ಸತ್ಕರಿಸಿದ್ದಾರೆ. ಯೇಸುವಿನ ಬದುಕನ್ನು ಹೇಳುವ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸು ಇನ್ನೂ ಮುಂದೆ ಹೋಗುತ್ತಾರೆ. "ಅಪರಿಚಿತನಾಗಿದ್ದೆ, ನನ್ನನ್ನು ಒಳಗೆ ಕರೆದಿರಿ" ಅನ್ನುತ್ತಾರೆ. ಲೂಕನ 14ನೇ ಅಧ್ಯಾಯದ ಮಾತು ಮಾತ್ರ ನಮ್ಮ ಮದುವೆ ಮನೆಗಳಿಗೆ ಸ್ವಲ್ಪ ಚುಚ್ಚುತ್ತದೆ. ಔತಣ ಮಾಡಿದರೆ ತಿರುಗಿ ಕರೆಯಬಲ್ಲ ನೆಂಟರನ್ನು, ಸಾಹುಕಾರರನ್ನು ಕರೆಯಬೇಡ, ತೀರಿಸಲಾಗದ ಬಡವರನ್ನು ಕರೆ ಅನ್ನುತ್ತದೆ. 6ನೇ ಶತಮಾನದ ಸಂತ ಬೆನೆಡಿಕ್ಟ್ ತಮ್ಮ ಮಠಗಳಿಗೆ ಬರೆದ ನಿಯಮದ 53ನೇ ಅಧ್ಯಾಯದಲ್ಲೂ ಇದೇ ಇದೆ: ಬರುವ ಅತಿಥಿಗಳನ್ನೆಲ್ಲ ಕ್ರಿಸ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಬೇಕು.

ಇಷ್ಟು ನಮ್ಮವರಿಗೆ ಬಾಯಿಪಾಠ. ಆದರೆ ಶುಭಸಂದೇಶಗಳನ್ನು ಓದಿ ನೋಡಿ. ಯೇಸು ತಾವೇ ಮನೆಯವರಾಗಿ ಬಡಿಸಿದ್ದಕ್ಕಿಂತ ಇನ್ನೊಬ್ಬರ ಮನೆಯಲ್ಲಿ ಕೂತು ಉಂಡದ್ದೇ ಜಾಸ್ತಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ "ಇವತ್ತು ನಿನ್ನ ಮನೆಯಲ್ಲಿ ಉಳಿದುಕೊಳ್ಳಬೇಕು" ಅನ್ನುತ್ತಾರೆ. ಊರವರಿಗೆ ಅದೇ ಸಿಟ್ಟು. ಪಾಪಿಯ ಮನೆಗೆ ಉಣ್ಣಲು ಹೋದ ಅಂತ ಗೊಣಗುತ್ತಾರೆ. ಶಿಷ್ಯರನ್ನು ಊರೂರಿಗೆ ಕಳಿಸುವಾಗಲೂ ಯೇಸುವಿನ ಮಾತು ಒಂದೇ: ನಿಮ್ಮ ಮುಂದೆ ಇಟ್ಟದ್ದನ್ನು ಉಣ್ಣಿ. ಮನೆಯಿಂದ ಮನೆಗೆ ಹೋಗಿ ಒಳ್ಳೆಯ ಊಟ ಹುಡುಕಬೇಡಿ.

ಇದರಲ್ಲಿ ಎಲ್ಲಕ್ಕಿಂತ ನಮ್ಮ ನೆಲಕ್ಕೆ ಹತ್ತಿರವಾದದ್ದು ಸಮಾರ್ಯದ ಬಾವಿಯ ಕಥೆ. ಯೊವಾನ್ನನ 4ನೇ ಅಧ್ಯಾಯ. ಮಧ್ಯಾಹ್ನ, ದಣಿದು ಬಾವಿಯ ಪಕ್ಕ ಕೂತಿದ್ದಾರೆ. ನೀರು ಸೇದಲು ಒಬ್ಬ ಹೆಂಗಸು ಬರುತ್ತಾಳೆ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅಂಥದ್ದರಲ್ಲಿ ಯೇಸು "ಕುಡಿಯಲು ನೀರು ಕೊಡು" ಅನ್ನುತ್ತಾರೆ. ಅವಳಿಗೆ ಆಶ್ಚರ್ಯ. "ಯೆಹೂದ್ಯನಾದ ನೀನು ಸಮಾರ್ಯದವಳಾದ ನನ್ನ ಹತ್ತಿರ ನೀರು ಕೇಳುವುದಾ?" ಬಾವಿ, ಬಿಂದಿಗೆ, ಯಾರ ಕೈಯ ನೀರು ಯಾರು ಕುಡಿಯಬಹುದು ಅನ್ನುವ ಲೆಕ್ಕ. ನಮ್ಮ ಹಳ್ಳಿಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾ? ಇಲ್ಲಿ ಯೇಸು ಕೊಡುವವರಾಗಿ ಮಾತು ಶುರುಮಾಡಲಿಲ್ಲ. ಬೇಡುವವರಾಗಿ ಶುರುಮಾಡಿದರು. ಕೊನೆಗೆ ಆ ಊರವರೇ ನಮ್ಮಲ್ಲಿ ಉಳಿದುಕೊಳ್ಳಿ ಅಂದಾಗ ಎರಡು ದಿನ ಅಲ್ಲೇ ಇದ್ದರು. ಎರಡು ದಿನ ಸಮಾರ್ಯದವರ ಮನೆಯ ಊಟ, ಸಮಾರ್ಯದವರ ಪಾತ್ರೆ. ಪ್ರಸಂಗಗಳಲ್ಲಿ ಬಾವಿಯ ಮಾತುಕತೆ ಬರುತ್ತದೆ, ಈ ಎರಡು ದಿನ ಬರುವುದು ಅಪರೂಪ. ನನಗೆ ಮಾತ್ರ ಇದೇ ಕಥೆಯ ತಿರುಳು.

ನಾವೇ ಮೊದಲು ಅತಿಥಿಗಳು

ಮೈಸೂರಿನಲ್ಲಿ ಕ್ರೈಸ್ತ ಧರ್ಮ ಬೇರುಬಿಟ್ಟಿದ್ದೂ ಹೀಗೇ, ಇನ್ನೊಬ್ಬರ ಮನೆಯಲ್ಲಿ. 17ನೇ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಇಟಲಿಯ ಜೆಸ್ವಿಟ್ ಅನ್ನುವ ಕಥೋಲಿಕ ಸಂಘದ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ರಾಜಧಾನಿಯಲ್ಲಿ ನೆಲೆ ಸಿಕ್ಕಿತು. ಅವರು ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು.

ಆ ನೆಲದಲ್ಲಿ ಕಹಿ ನೆನಪೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತಂದ. ಉಳಿದವರಿಗೆ ಬಿಡುಗಡೆ ಆದದ್ದು 1799ರಲ್ಲಿ. ಸ್ನೇಹದ ಮಾತಾಡುವಾಗ ಇದನ್ನು ಮುಚ್ಚಿಡಬೇಕಿಲ್ಲ. ಇವತ್ತಿನ ಮುಸ್ಲಿಂ ನೆರೆಯವರ ತಲೆಗೆ ಕಟ್ಟಲೂ ಬೇಕಿಲ್ಲ.

1799ರ ನಂತರ ಚದುರಿಹೋದ ಕ್ರೈಸ್ತರನ್ನು ಒಟ್ಟುಮಾಡಲು ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಈಗಲೂ ಇದೆ. ಅವರು ಇಲ್ಲಿಯವರ ಹಾಗೆ ಉಡುಪು ತೊಟ್ಟರು, ಮಾಂಸ ಬಿಟ್ಟರು, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದರು. ಜನ "ದೊಡ್ಡ ಸ್ವಾಮಿಯೋರು" ಅಂದರು. ಆತಿಥ್ಯದ ವಿಷಯದಲ್ಲಿ ಇದಕ್ಕಿಂತ ಇನ್ನೇನು ಬೇಕು ಅನ್ನಿಸಬಹುದು. ಆದರೆ ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥದಲ್ಲಿ ಕಣ್ಣಿಟ್ಟು ನೋಡಿದ ವಿವರ ಎಷ್ಟಿದೆಯೋ ಕಠಿಣವಾದ ತೀರ್ಪೂ ಅಷ್ಟೇ ಇದೆ. ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಕೆಲಸ ಅನ್ನುವುದು ಅವರ ಕೊನೆಯ ಅಭಿಪ್ರಾಯವಾಗಿತ್ತು. ಅವರ ಸೇವೆ ಸಣ್ಣದಲ್ಲ, ಲಸಿಕೆಯಿಂದ ಉಳಿದ ಜೀವಗಳೂ ಸಣ್ಣವಲ್ಲ. ಆದರೂ ಅವರ ಬದುಕು ಒಂದು ವಿಷಯವನ್ನು ಸ್ಪಷ್ಟವಾಗಿ ತೋರಿಸುತ್ತದೆ: ಇಲ್ಲಿಯವರ ಬಟ್ಟೆ ತೊಟ್ಟು ಇಲ್ಲಿಯವರ ಊಟ ಉಂಡರೂ ಸ್ನೇಹ ಆಗದೇ ಇರಬಹುದು.

ಅತ್ತ ಅರಮನೆಯ ಕಡೆಯಿಂದ ಬಂದದ್ದು ಬೇರೆ ತರಹದ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಮೈಸೂರಲ್ಲಿ ಒಂದು ಚರ್ಚ್ ಕಟ್ಟಿದರು. ಅದರ ಶಾಸನ ಶುರುವಾಗುವುದು ಲೋಕವನ್ನೆಲ್ಲ ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಿಂದ. ಲೋಕದ ಬೆಳಕಾದ ಯೇಸುಕ್ರಿಸ್ತ ಮನುಷ್ಯನಾಗಿ ಬಂದ 1843 ವರ್ಷಗಳ ನಂತರ ಇದನ್ನು ಕಟ್ಟಲಾಯಿತು ಅನ್ನುತ್ತದೆ. ಓದಿದ ಹಿಂದೂವಿಗೂ ಅದು ತನ್ನ ಮಾತು ಅನ್ನಿಸಬಹುದು, ಕ್ರೈಸ್ತನಿಗೂ ಅನ್ನಿಸಬಹುದು.

ಆಮೇಲೆ ಬಂತು ಈಗ ಎಲ್ಲರೂ ನೋಡುವ ಸಂತ ಫಿಲೋಮಿನಾ ಚರ್ಚ್. ಸಂತಳ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿದವರು ಅರಮನೆಯ ಸೇವೆಯಲ್ಲಿದ್ದ ಕ್ರೈಸ್ತ ಅಧಿಕಾರಿ ಟಿ. ತಂಬುಚೆಟ್ಟಿ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ದೇವರ ಕರುಣೆ ಮತ್ತು ಮನುಷ್ಯರ ಕೃತಜ್ಞತೆ, ಈ ಎರಡು ಅಡಿಪಾಯಗಳ ಮೇಲೆ ಈ ಚರ್ಚ್ ನಿಲ್ಲುತ್ತದೆ ಅಂತ ಆ ದಿನ ಅವರು ಹೇಳಿದರು. ಸರಿಯಾಗಿ ಮೂವತ್ತೆರಡು ವರ್ಷದ ನಂತರ, 1965ರ ಅದೇ ಅಕ್ಟೋಬರ್ 28ರಂದು, ರೋಮಿನಲ್ಲಿ ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಧರ್ಮಗಳ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಕಥೋಲಿಕ ಧರ್ಮಸಭೆ ತಳ್ಳಿಹಾಕುವುದಿಲ್ಲ ಅನ್ನುವುದು ಅದರ ಮುಖ್ಯ ಮಾತು. ತಾರೀಖು ಒಂದೇ ಆದದ್ದು ಆಕಸ್ಮಿಕ. ಆದರೆ ಮೈಸೂರಿನವರಿಗೆ ಇದನ್ನು ನೆನಪಿಟ್ಟುಕೊಳ್ಳುವುದು ಸುಲಭ ಆಯಿತು.

ಇಷ್ಟೆಲ್ಲ ಹೇಳಿದ್ದು ಸುಮ್ನೆ ಹೆಮ್ಮೆಗಲ್ಲ. ನಾವು ಇಲ್ಲಿ ಅನ್ನ ಕೊಡುವವರಾಗುವ ಮೊದಲು ಜಾಗ ಪಡೆದವರು. ಅದನ್ನು ಮರೆತರೆ ನಮ್ಮ ಆತಿಥ್ಯದಲ್ಲಿ ಉಪಕಾರ ಮಾಡುತ್ತಿದ್ದೇವೆ ಅನ್ನುವ ಗತ್ತು ಬಂದುಬಿಡುತ್ತದೆ.

"ನಮಗೆ ಸ್ನೇಹಿತರನ್ನು ಕೊಡಿ"

ಈ ಗತ್ತನ್ನು ಮುಖಕ್ಕೆ ಹೇಳಿದವರು ಒಬ್ಬ ಭಾರತೀಯ ಕ್ರೈಸ್ತರೇ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಪ್ರಪಂಚದ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಮಾತಾಡಲು ನಿಂತವರು ವಿ.ಎಸ್. ಅಜರಯ್ಯ. ತಮಿಳು ನಾಡಿನವರು, ತೆಲುಗು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಪಾದ್ರಿ. ಎರಡು ವರ್ಷದ ನಂತರ ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ಬಡವರಿಗೆ ಉಣಿಸಲು ನಿಮ್ಮ ಆಸ್ತಿ ಕೊಟ್ಟಿರಿ, ನಿಮ್ಮ ದೇಹವನ್ನೇ ಸುಡಲು ಒಪ್ಪಿಸಿದಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಸಭೆಯಲ್ಲಿದ್ದ ಎಷ್ಟೋ ಜನಕ್ಕೆ ಇದು ಹಿಡಿಸಲಿಲ್ಲ. ಅಷ್ಟು ತ್ಯಾಗ ಮಾಡಿದವರಿಗೆ ಇನ್ನೇನು ಬೇಕಿತ್ತು ಅನ್ನುವುದು ಅವರ ಭಾವ.

ಅಜರಯ್ಯ ಹೇಳಿದ್ದು ಸರಿಯಾಗಿತ್ತು. ಸೇವೆ ಮತ್ತು ಸ್ನೇಹ ಒಂದೇ ಅಲ್ಲ. ಸೇವೆಯಲ್ಲಿ ಕೊಡುವ ಕೈ ಒಂದೇ ಕಡೆ ಇರುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. 1906ರಲ್ಲಿ ಮೆಥಡಿಸ್ಟ್ ಮಿಷನ್‌ನವರು ತೆರೆದದ್ದು, ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಹೆಸರಿನಲ್ಲಿ. ಹಳೇ ಮೈಸೂರಿನ ಎಷ್ಟು ಮನೆಗಳಲ್ಲಿ "ನಾನು ಮಿಷನ್ ಆಸ್ಪತ್ರೇಲೇ ಹುಟ್ಟಿದ್ದು" ಅನ್ನುವವರಿದ್ದಾರೆ! ಅದು ದೊಡ್ಡ ಕೆಲಸ. ಆದರೆ ಅಲ್ಲಿ ಹುಟ್ಟಿದ ಮಗುವಿನ ನಾಮಕರಣಕ್ಕೆ ಹೋಗಿ ಚಾಪೆಯ ಮೇಲೆ ಕೂತು ಉಂಡು ಬರುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಸಂಸ್ಥೆ ಮಾಡಬಹುದು. ಎರಡನೆಯದನ್ನು ಒಬ್ಬ ಮನುಷ್ಯನೇ ಮಾಡಬೇಕು.

ಅದು ಆಗುತ್ತದೆ ಅನ್ನುವುದಕ್ಕೆ ಸಿ.ಎಫ್. ಆಂಡ್ರೂಸ್ ಮತ್ತು ಗಾಂಧೀಜಿ ಸಾಕ್ಷಿ. 1904ರಲ್ಲಿ ದೆಹಲಿಗೆ ಪಾಠ ಹೇಳಲು ಬಂದ ಇಂಗ್ಲಿಷ್ ಪಾದ್ರಿ ಆಂಡ್ರೂಸ್. 1914ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯನ್ನು ಕಂಡಾಗ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದರು. ಮುಂದೆ ಒಬ್ಬರಿಗೊಬ್ಬರು "ಮೋಹನ್", "ಚಾರ್ಲಿ" ಆದರು. ಮತಾಂತರದ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಇರಲಿಲ್ಲ. ಗಾಂಧೀಜಿ ಅದನ್ನು ಒಪ್ಪುತ್ತಿರಲಿಲ್ಲ, ಆಂಡ್ರೂಸ್ ಎದುರು ಪ್ರಶ್ನೆ ಹಾಕುತ್ತಿದ್ದರು. ಹಾಗಂತ ಸ್ನೇಹ ಮುರಿಯಲಿಲ್ಲ. ಇಬ್ಬರೂ ತಮ್ಮ ತಮ್ಮ ಧರ್ಮ ಬಿಡಲೂ ಇಲ್ಲ.

ಆಮಿಷದ ಪ್ರಶ್ನೆ

ಈಗ ಹೊರಗಿನವರ ಪ್ರಶ್ನೆಗೆ ಬರೋಣ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ಮೇಲೆ ಕಾಯ್ದೆ ಬಂದಾಗ ಉಡುಗೊರೆ, ಹಣ, ಉಚಿತ ಶಿಕ್ಷಣ, ಕೆಲಸ ಇವನ್ನೆಲ್ಲ "ಆಮಿಷ" ಅನ್ನುವ ಪಟ್ಟಿಯಲ್ಲಿ ಸೇರಿಸಿದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ಕಾಯ್ದೆಯ ಮಾತು ಏನೇ ಇರಲಿ, ಅನುಮಾನ ಬೀದಿಗಳಲ್ಲಿ ಉಳಿದಿದೆ. 2021ರ ಡಿಸೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರದ ಶಾಲೆಯೊಂದರಲ್ಲಿ ಮಕ್ಕಳು ಕ್ರಿಸ್‌ಮಸ್ ಆಚರಿಸಿದ್ದಕ್ಕೇ ಒಂದು ಗುಂಪು ಬಂದು ಗಲಾಟೆ ಮಾಡಿತು. ಕೇಕು ಹಂಚುವುದು ಕೂಡ ಜಗಳದ ವಿಷಯ ಆಗುವ ಕಾಲ ಇದು.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸ್ಪಷ್ಟಪಡಿಸಿತು. ಇದು ಕಾನೂನಿನ ಗೆರೆ. ಕ್ರೈಸ್ತ ಸಭೆಗಳು ತಮಗೆ ತಾವೇ ಎಳೆದುಕೊಂಡ ಗೆರೆ ಒಂದಿದೆ, ಅದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 2011ರ ಜೂನ್‌ನಲ್ಲಿ ವ್ಯಾಟಿಕನ್, ಪ್ರೊಟೆಸ್ಟೆಂಟ್ ಮುಂತಾದ ಸಭೆಗಳು ಸೇರಿರುವ ವಿಶ್ವ ಸಭೆಗಳ ಮಂಡಳಿ ಮತ್ತು ವಿಶ್ವ ಇವ್ಯಾಂಜಲಿಕಲ್ ಒಕ್ಕೂಟ ಮೂರೂ ಸೇರಿ ಹಲವು ಧರ್ಮಗಳ ನಡುವೆ ಕ್ರೈಸ್ತರು ಹೇಗೆ ನಡೆದುಕೊಳ್ಳಬೇಕು ಅಂತ ಒಂದು ದಾಖಲೆ ಹೊರತಂದವು. ಬಡತನವನ್ನು, ಕಷ್ಟವನ್ನು ಬಳಸಿಕೊಳ್ಳುವುದಕ್ಕೆ ಜಾಗವೇ ಇಲ್ಲ, ಸೇವೆಯಲ್ಲಿ ಹಣದ ಆಸೆ ತೋರಿಸುವುದೂ ಸೇರಿ ಎಲ್ಲ ಆಮಿಷವನ್ನೂ ಬಿಡಬೇಕು ಅಂತ ಅದರಲ್ಲಿ ನೇರವಾಗಿ ಇದೆ. ಕಥೋಲಿಕರು, ಪ್ರೊಟೆಸ್ಟೆಂಟರು, ಇವ್ಯಾಂಜಲಿಕಲ್‌ಗಳು ಒಂದೇ ಕಾಗದದಲ್ಲಿ ಒಪ್ಪುವುದು ಅಪರೂಪ. ಇದಕ್ಕೆ ಒಪ್ಪಿದರು.

ನನ್ನ ಅಭಿಪ್ರಾಯ ಇಷ್ಟು. ಊಟಕ್ಕೆ ಕರೆದವರು ನಾಳೆ ಚರ್ಚಿಗೂ ಬರಲಿ ಅನ್ನುವ ಲೆಕ್ಕ ಇಟ್ಟುಕೊಂಡು ಕರೆದರೆ ಅದು ಆತಿಥ್ಯ ಅಲ್ಲ. ಲೂಕನ 14ನೇ ಅಧ್ಯಾಯ ಬೇಡ ಅಂದ ವ್ಯವಹಾರವೇ ಅದು, ತಿರುಗಿ ಬರಲಿ ಅಂತ ಕೊಡುವುದು. ಹಾಗಂತ ನಂಬಿಕೆಯ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು ಅಂತಲೂ ಅಲ್ಲ. ಸ್ನೇಹಿತ ಕೇಳಿದರೆ ಹೇಳಬೇಕು. ಪೇತ್ರನ ಮೊದಲ ಪತ್ರದಲ್ಲಿ ಇರುವ ಹಾಗೆ, ಮೃದುವಾಗಿ, ಗೌರವದಿಂದ. ಅವನ ದೇವರ ಬಗ್ಗೆ ಅವನು ಹೇಳುವುದನ್ನೂ ಅಷ್ಟೇ ಗೌರವದಿಂದ ಕೇಳಬೇಕು.

ಪ್ರಸಾದ ತಿನ್ನಬಹುದಾ?

ಒಳಗಿನವರ ಪ್ರಶ್ನೆ ಇನ್ನೂ ಕಷ್ಟದ್ದು. ಸಂಕ್ರಾಂತಿಗೆ ಪಕ್ಕದ ಮನೆಯ ಹುಡುಗಿ ಎಳ್ಳು ಬೀರಲು ಬರುತ್ತಾಳೆ. ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಇದನ್ನು ತೆಗೆದುಕೊಳ್ಳಲು ಯಾರಿಗೂ ತೊಂದರೆ ಇಲ್ಲ. ದಸರಾಗೆ ಬೊಂಬೆ ನೋಡಲು ಕರೆಯುತ್ತಾರೆ, ಹೋಗುತ್ತೇವೆ. ರಂಜಾನ್‌ಗೆ ಸುರ್‌ಕುಂಬ ಬರುತ್ತದೆ, ಕುಡಿಯುತ್ತೇವೆ. ತಡೆಯುವುದು ದೇವರ ಮುಂದೆ ಇಟ್ಟ ಪ್ರಸಾದದ ಹತ್ತಿರ.

ಇದು ಹೊಸ ಗೊಂದಲ ಅಲ್ಲ. ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲಿ ಒಬ್ಬರಾದ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ 8ರಿಂದ 10ನೇ ಅಧ್ಯಾಯದವರೆಗೆ ಬಹುಪಾಲು ಇದರ ಸುತ್ತಲೇ ಇದೆ. ಗ್ರೀಸಿನ ಕೊರಿಂಥ ಗುಡಿಗಳ ಊರು. ಗುಡಿಯಲ್ಲಿ ಬಲಿಯಾದ ಮಾಂಸ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು, ನೆಂಟರ ಔತಣದಲ್ಲಿ ತಟ್ಟೆಗೂ ಬರುತ್ತಿತ್ತು. ಪೌಲರ ಉತ್ತರ ಒಂದೇ ಸಾಲಿನದ್ದಲ್ಲ. ಪೇಟೆಯಲ್ಲಿ ಮಾರಿದ್ದನ್ನು ವಿಚಾರಿಸದೆ ತಿನ್ನಿ. ನಂಬದವರು ಊಟಕ್ಕೆ ಕರೆದು ನಿಮಗೆ ಹೋಗಲು ಮನಸ್ಸಿದ್ದರೆ ಹೋಗಿ, ಮುಂದಿಟ್ಟದ್ದನ್ನು ಪ್ರಶ್ನೆ ಕೇಳದೆ ಉಣ್ಣಿ. ಆದರೆ ಯಾರಾದರೂ "ಇದು ದೇವರಿಗೆ ಅರ್ಪಿಸಿದ್ದು" ಅಂತ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗೋಸ್ಕರ ತಿನ್ನಬೇಡಿ. ಗುಡಿಯ ಪೂಜೆಯಲ್ಲೇ ಪಾಲುಗೊಳ್ಳುವುದು ಬೇರೆ ಮಾತು, ಅದು ಬೇಡ ಅಂತ ಕಟುವಾಗಿಯೇ ಹೇಳುತ್ತಾರೆ.

ಈ ಮಾತುಗಳನ್ನು ಇಟ್ಟುಕೊಂಡೇ ನಮ್ಮಲ್ಲಿ ಎರಡು ದಾರಿ ಆಗಿವೆ. ಪ್ರಸಾದ ಅಂತ ಗೊತ್ತಾದ ಮೇಲೆ ಬೇಡ ಅನ್ನುವವರು ಇದ್ದಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಇದು ಜಾಸ್ತಿ. ಪ್ರೀತಿಯಿಂದ ಕೊಟ್ಟ ತಿಂಡಿ ಅಂತ ತೆಗೆದುಕೊಳ್ಳುವವರೂ ಇದ್ದಾರೆ. ಹಳೇ ಮೈಸೂರಿನ ಕಥೋಲಿಕ ಮನೆಗಳಲ್ಲಿ ಇದು ಮೊದಲಿಂದ ಕಂಡದ್ದು. ನಾನು ಎರಡನೆಯ ಗುಂಪಿನವಳು. ಪಕ್ಕದ ಮನೆಯಾಕೆ ನನ್ನ ಕೈಗೆ ಪುಳಿಯೋಗರೆ ಇಡುವಾಗ ಅವಳು ನನ್ನಿಂದ ಪೂಜೆ ಮಾಡಿಸುತ್ತಿಲ್ಲ. ತನ್ನ ಹಬ್ಬದಲ್ಲಿ ನನಗೂ ಪಾಲು ಕೊಡುತ್ತಿದ್ದಾಳೆ. ಆದರೆ ಮೊದಲ ಗುಂಪಿನವರನ್ನು ಸಂಕುಚಿತರು ಅಂತ ಬೈಯುವುದೂ ತಪ್ಪು. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅನ್ನುವುದು ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲರೇ ಹೇಳಿದ್ದು.

ಬೇಡ ಅನ್ನುವವರಿಗೆ ನನ್ನದೊಂದು ಕೋರಿಕೆ ಇದೆ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವರಿಗೆ "ನಾವು ಇದೆಲ್ಲ ತಿನ್ನಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಡಿ. ಮುಂಚೆಯೇ, ಹಬ್ಬ ಇಲ್ಲದ ಒಂದು ದಿನ, ಕೂತು ಹೇಳಿ. "ಪೂಜೆಗೆ ಇಟ್ಟಿದ್ದು ನಮಗೆ ಆಗಲ್ಲ, ಒಲೆಯ ಮೇಲಿಂದ ನೇರವಾಗಿ ಒಂದಿಷ್ಟು ತೆಗೆದಿಡಿ, ಖಂಡಿತ ತಿಂತೀವಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಕೇಳದೆಯೇ ಹಾಗೆ ಎತ್ತಿಡುತ್ತಾರೆ. ಸಸ್ಯಾಹಾರಿಗಳು ನಮ್ಮ ಮನೆಯಲ್ಲಿ ಹೀಗೇ ತಾನೆ ಕೇಳುವುದು? ನಮಗೆ ಅದು ಅವಮಾನ ಅನ್ನಿಸುವುದಿಲ್ಲ.

ಕರೆಯುವಾಗ

ಬಡಿಸುವ ಕಡೆಯೂ ಕಲಿಯಬೇಕಾದದ್ದು ಇದೆ. ಮುಸ್ಲಿಂ ಸ್ನೇಹಿತರಿಗೆ ವೈನ್ ಅಥವಾ ರಮ್‌ನಲ್ಲಿ ನೆನೆಸಿದ ಪ್ಲಮ್ ಕೇಕು ಕಳಿಸಬಾರದು. ಹಂದಿ ಮಾಂಸ ಬೇಯಿಸಿದ ಪಾತ್ರೆಯಲ್ಲಿ ಅವರಿಗೆ ಏನನ್ನೂ ಮಾಡಬಾರದು. ಕೋಳಿ ಮಾಡುವುದಾದರೆ ಹಲಾಲ್ ಅಂಗಡಿಯಿಂದ ತಂದದ್ದು ಅಂತ ನಾವೇ ಮೊದಲು ಹೇಳಿದರೆ ಅವರು ಕೇಳುವ ಮುಜುಗರ ತಪ್ಪುತ್ತದೆ. ಜೈನ ಸ್ನೇಹಿತರಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ. ಶ್ರಾವಣದಲ್ಲಿ, ಶನಿವಾರ ಸೋಮವಾರಗಳಲ್ಲಿ ಮಾಂಸ ಮುಟ್ಟದ ಒಕ್ಕಲಿಗರ ಮನೆಗಳು ಮಂಡ್ಯ ಕಡೆ ಎಷ್ಟೋ. ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ಅದೇ ಮನೆಯವರೇ ಬಾಡೂಟಕ್ಕೆ ಕರೆಯುತ್ತಾರೆ. ಆದರೆ ಯುಗಾದಿ ಎಷ್ಟೋ ವರ್ಷ ಈಸ್ಟರ್‌ಗೆ ಮುಂಚಿನ ನಮ್ಮ ವ್ರತದ ದಿನಗಳಾದ ತಪಸ್ಸು ಕಾಲದಲ್ಲೇ ಬೀಳುತ್ತದೆ. ಮಾಂಸ ಬಿಟ್ಟಿದ್ದೀನಿ ಅಂದರೆ ಅವರು ಬೇಳೆ ಸಾರಿಗೆ ಮುದ್ದೆ ಕೊಡುತ್ತಾರೆ. ವ್ರತ ಅಂದರೆ ಏನು ಅಂತ ಅವರಿಗೆ ನಮ್ಮಷ್ಟೇ ಗೊತ್ತು.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ತಿಂಡಿ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು. ಕಜ್ಜಾಯದ ಡಬ್ಬಿ ಹೋದರೆ ಅದರಲ್ಲಿ ಒಂದು ಹಿಡಿ ಸಕ್ಕರೆಯೋ, ಎರಡು ನಿಂಬೆಹಣ್ಣೋ ಹಾಕಿಕೊಂಡು ಬರುತ್ತದೆ. ಕೆಲವು ಸಲ ಡಬ್ಬಿ ಬರುವುದೇ ಇಲ್ಲ, ಗೌರಿ ಹಬ್ಬದವರೆಗೂ ಕಾದು ಆಮೇಲೆ ಹೋಳಿಗೆ ತುಂಬಿಕೊಂಡು ಬರುತ್ತದೆ. ಯಾರ ಡಬ್ಬಿ ಯಾರ ಮನೆಯಲ್ಲಿದೆ ಅನ್ನುವುದು ಹೆಂಗಸರಿಗೆ ಮಾತ್ರ ಗೊತ್ತು. ಅಜರಯ್ಯ ಎಡಿನ್‌ಬರೊದಲ್ಲಿ ಕೇಳಿದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಯಾರು ಕೊಟ್ಟವರು, ಯಾರು ಪಡೆದವರು ಅನ್ನುವುದು ಕೆಲವು ವರ್ಷದಲ್ಲಿ ಕಲಸಿಹೋಗಬೇಕು.

ಕೊಡಲಾಗದ ಒಂದು ತುತ್ತು

ಬೇರೆ ಧರ್ಮದ ಸ್ನೇಹಿತರು ಕ್ರಿಸ್‌ಮಸ್ ರಾತ್ರಿ ಪೂಜೆಗೆ ಬರುತ್ತಾರೆ. ಸಂತ ಫಿಲೋಮಿನಾದಲ್ಲಿ ಆವತ್ತು ನಿಲ್ಲಲೂ ಜಾಗ ಇರುವುದಿಲ್ಲ. ಪರಮಪ್ರಸಾದ ಕೊಡುವ ಹೊತ್ತಿಗೆ ಜನ ಸಾಲಾಗಿ ಎದ್ದು ಹೋದಾಗ ಅವರೂ ಎದ್ದು ನಿಲ್ಲುತ್ತಾರೆ. ಅಲ್ಲಿ ಅವರಿಗೆ ಕೊಡುವುದಿಲ್ಲ ಅಂತ ಗೊತ್ತಾದಾಗ ನೋವಾಗುವುದು ಸಹಜ. "ನಮ್ಮ ಪ್ರಸಾದ ಮಾತ್ರ ನೀವು ತಿನ್ನಬೇಕು, ನಿಮ್ಮದು ನಮಗಿಲ್ವಾ?" ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು.

ಕಥೋಲಿಕ ನಂಬಿಕೆಯಲ್ಲಿ ಆ ತೆಳ್ಳನೆಯ ರೊಟ್ಟಿ ಹಂಚುವ ತಿಂಡಿ ಅಲ್ಲ, ಕ್ರಿಸ್ತನ ದೇಹ. ಕ್ರೈಸ್ತರಾಗುವ ದೀಕ್ಷಾಸ್ನಾನ ಪಡೆದು, ಆ ನಂಬಿಕೆಯಲ್ಲಿ ಬದುಕುತ್ತೇನೆ ಅಂತ ಮಾತು ಕೊಟ್ಟವರು ತೆಗೆದುಕೊಳ್ಳುವುದು. ಕ್ರೈಸ್ತರಲ್ಲೂ ಎಲ್ಲರಿಗೂ ಇಲ್ಲ. ಮೊದಲ ಪರಮಪ್ರಸಾದ ಆಗದ ನಮ್ಮ ಮಕ್ಕಳಿಗೂ ಕೊಡುವುದಿಲ್ಲ. ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಗರ್ಭಗುಡಿಯ ಹೊಸ್ತಿಲು ಎಲ್ಲರಿಗೂ ಅಲ್ಲ ಅನ್ನುವುದು ಹಿಂದೂ ಸ್ನೇಹಿತರಿಗೆ ಗೊತ್ತಿರುವ ವಿಷಯವೇ. ಹಾಗಾಗಿ ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಕರೆದುಕೊಂಡು ಹೋದವರು ಮೊದಲೇ ಹೇಳಬೇಕು. ಸಾಲಿನಲ್ಲಿ ನಿಲ್ಲಿಸಿ ಎಲ್ಲರೆದುರು ವಾಪಸ್ ಕಳಿಸುವುದು ಆತಿಥ್ಯ ಅಲ್ಲ. ಆಶೀರ್ವಾದ ಬೇಕಾದರೆ ಎದೆಯ ಮೇಲೆ ಕೈ ಕಟ್ಟಿಕೊಂಡು ಹೋದರೆ ಎಷ್ಟೋ ಕಡೆ ಗುರುಗಳು ಹರಸುತ್ತಾರೆ.

ದೋರನಹಳ್ಳಿಗೆ ಹೋದವರಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕೃಷ್ಣರಾಜನಗರ ಸೀಮೆಯ ಸಂತ ಅಂತೋಣಿಯವರ ಕ್ಷೇತ್ರ, ಈಗ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚ್. ಹೊಲ ಉಳುವಾಗ ರೈತನೊಬ್ಬನಿಗೆ ಮರದ ಪ್ರತಿಮೆ ಸಿಕ್ಕಿತು, ಮಕ್ಕಳು ಬೊಂಬೆ ಅಂತ ಆಡಿದರು, ಆಮೇಲೆ ಸಂತರು ಕನಸಿನಲ್ಲಿ ಬಂದು ಗುಡಿ ಕಟ್ಟು ಅಂದರು ಅನ್ನುವುದು ಅಲ್ಲಿಯ ಐತಿಹ್ಯ. ಜೂನ್ 13ರ ಹಬ್ಬಕ್ಕೆ ಸೇರುವ ಜನರಲ್ಲಿ ಕ್ರೈಸ್ತರಲ್ಲದವರೇ ತುಂಬ. ಹರಕೆ ಹೊತ್ತವರು, ಮುಡಿ ಕೊಡುವವರು, ಮೇಣದಬತ್ತಿ ಹಚ್ಚುವವರು. ಪರಮಪ್ರಸಾದದ ಸಾಲು ಬೇರೆ, ಅನ್ನದ ಪಂಕ್ತಿ ಬೇರೆ. ಎರಡನೆಯದರಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಸಾವಿನ ಮನೆ

ಇಷ್ಟು ಹೊತ್ತು ಹಬ್ಬದ ಮಾತಾಯಿತು. ಸ್ನೇಹ ಬೇಕಾಗುವುದು ಸಾವಿನ ಮನೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅನ್ನ ಸಾರು ತಂದಿಡುತ್ತಾರೆ. ಕ್ರೈಸ್ತರ ಮನೆಯಲ್ಲಿ ಸಾವಾದರೂ ತರುವವರು ಅವರೇ, ಪೆಟ್ಟಿಗೆಗೆ ಹೆಗಲು ಕೊಡುವವರೂ ಅವರೇ, ಗುಂಡಿಗೆ ಹಿಡಿ ಮಣ್ಣು ಹಾಕುವವರೂ ಅವರೇ. ಅಳುವವರ ಜೊತೆ ಅಳಿ ಅಂತ ಪೌಲರು ಬರೆದದ್ದಕ್ಕೆ ಷರತ್ತು ಇಲ್ಲ.

ತಿಥಿಯ ದಿನ ನಮ್ಮವರು ಹಿಂದೆ ಸರಿಯುವುದನ್ನು ನೋಡಿದ್ದೇನೆ. ಹಿರಿಯರಿಗೆ ಎಡೆ ಇಟ್ಟ ಅಡುಗೆ ಅಂತ ಸಂಕೋಚ. ಆ ಸಂಕೋಚಕ್ಕೆ ಕಾರಣ ಇದೆ, ಮೇಲೆ ಹೇಳಿದೆ. ಆದರೆ ಎಡೆಯ ಮುಂದೆ ಕೈ ಮುಗಿಯುವುದು ಬೇರೆ, ಸತ್ತವರ ಮನೆಯವರ ಪಕ್ಕ ಕೂರುವುದು ಬೇರೆ. ಪೂಜೆ ಮುಗಿಯುವವರೆಗೆ ಚಪ್ಪರದಡಿ ಕೂತಿರಬಹುದು. ಉಣ್ಣಲು ಮನಸ್ಸು ಒಪ್ಪದಿದ್ದರೆ ಎಲೆ ಹಾಕಿ ನೀರು ಬಡಿಸಬಹುದು. ಮನಸ್ಸು ಒಪ್ಪುವವರು ಪಂಕ್ತಿಯಲ್ಲಿ ಕೂತು ಉಂಡು, ಹೊರಡುವ ಮುಂಚೆ ಮನೆಯವರಿಗೆ ಹೇಳಿ ಬರಬೇಕು.